‘ಸರ್ವರ್ ಡೌನ್’ ಅನ್ನುವ ಮುಂಚೆ

ನೋಡವ್ವ, ಮೊನ್ನೆ ಸೋಮವಾರ ನಿನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಬಾಯಿಗೆ ಬಂದ ಒಂದು ಮಾತನ್ನು ನುಂಗಿಕೊಂಡೆ. ಗಿರಾಕಿಗಳ ಎದುರಿಗೆ ಮೊಮ್ಮಗಳಿಗೆ ಬುದ್ಧಿ ಹೇಳುವುದು ತಾತನಿಗೆ ಶೋಭಿಸುವುದಿಲ್ಲ. ಮನೆಯಲ್ಲಿ ಹೇಳೋಣವೆಂದರೆ ನೀನು ಅಂಗಡಿ ಬಾಗಿಲು ಹಾಕಿ ಬರುವ ಹೊತ್ತಿಗೆ ನನಗೆ ಒಂದು ನಿದ್ದೆ ಆಗಿರುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ಬಿಡುವಾದಾಗ ಓದಿಕೋ. ಸೈಬರ್ ಸೆಂಟರೋ, ಹಳ್ಳಿಯಲ್ಲಿ ಗ್ರಾಮ ಒನ್ನೋ ನಡೆಸುತ್ತಿರುವ ನಿನ್ನ ಜೊತೆಗಾರರಿಗೂ ತೋರಿಸು.

ಉಯ್ಯಂಬಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದಳಲ್ಲ, ನೆನಪಿದೆಯಾ? ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ನೋಟು. ಹಾಕಿದ ಅರ್ಜಿ ಏನಾಯಿತು ಎಂದು ನೋಡಿ ಹೇಳಬೇಕಿತ್ತು, ಅಷ್ಟೇ. ನೀನು ಎರಡು ಸಲ ಒತ್ತಿದೆ, ಪರದೆ ಬಿಳಿಚಿಕೊಂಡು ನಿಂತಿತು. ‘ಸರ್ವರ್ ಡೌನ್ ಅಜ್ಜಿ, ನಾಳೆ ಬನ್ನಿ’ ಅಂದೆ. ‘ಅಂಗಾರೆ ನಾಳೀಕೆ ಬತ್ತೀನಿ ಕಣವ್ವ’ ಅಂದು ಅವಳು ಎದ್ದು ಹೋದಳು. ಒಂದು ಎದುರುಮಾತಿಲ್ಲ. ಬಡವರು ‘ಸರ್ವರ್ ಡೌನ್’ ಎನ್ನುವುದನ್ನು ಮಳೆ ಬಂತು ಎನ್ನುವ ಹಾಗೆ ಒಪ್ಪಿಕೊಂಡುಬಿಡುತ್ತಾರೆ.

ಅವಳು ಮೆಟ್ಟಿಲು ಇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಅದೇ ಸೈಟು ತೆರೆದೆ. ಸಲೀಸಾಗಿ ತೆರೆದುಕೊಂಡಿತು. ಸರ್ವರ್ ಡೌನ್ ಆಗಿರಲಿಲ್ಲ ಮಗಾ, ನಿನ್ನ ಕಂಪ್ಯೂಟರ್ ಹಳೇ ವಿಳಾಸ ಹಿಡಿದುಕೊಂಡು ಇಲ್ಲದ ಮನೆಯ ಬಾಗಿಲು ಬಡಿಯುತ್ತಿತ್ತು. ಕೋಲೂರಿಕೊಂಡು ರಸ್ತೆಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನೋಡಿದೆ. ಅಜ್ಜಿ ಕಾಣಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಚಾರ್ಜಿಲ್ಲ, ನಿಜ. ಕೂಲಿ ಹೋಯಿತಲ್ಲ? 2025–26ರಲ್ಲಿ ನರೇಗಾ ದಿನಗೂಲಿಯೇ 370 ರೂಪಾಯಿ. ನಿನ್ನ ಒಂದು ‘ನಾಳೆ ಬನ್ನಿ’ಗೆ ಅವಳು ತೆತ್ತ ಬೆಲೆ ಅದು.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಇದೇ ತಪ್ಪನ್ನು ನಾನು ನಿನಗಿಂತ ದೊಡ್ಡದಾಗಿ ಮಾಡಿದವನು.

ಟೆಲಿಫೋನ್ ಇಲಾಖೆ ಸೇರಿದ ಹೊಸತು. ಆಗೆಲ್ಲ ಬೋರ್ಡಿನ ಮುಂದೆ ಕೂತು, ಕೈಯಿಂದ ಪ್ಲಗ್ಗು ಚುಚ್ಚಿ ಕಾಲ್ ಕೊಡುವ ಕಾಲ. ಊರಿನವರು ನಂಬರು ಹೇಳುತ್ತಿರಲಿಲ್ಲ, ‘ಮಂಡಿ ಸಾಹುಕಾರ್ರಿಗೆ ಕೊಡಪ್ಪ’, ‘ಡಾಕ್ಟ್ರ ಮನೆಗೆ ಹಾಕಪ್ಪ’ ಅನ್ನುತ್ತಿದ್ದರು. ಹೆಸರನ್ನು ನಂಬರು ಮಾಡುವುದು ನಮ್ಮ ಕೆಲಸ. ಬೆಂಗಳೂರಿನ ನೂರಾರು ನಂಬರುಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು, ಡೈರೆಕ್ಟರಿ ತಿರುವದೆ ಕಾಲ್ ಬುಕ್ ಮಾಡುತ್ತೇನೆಂಬ ಜಂಬವೂ ಇತ್ತು. ಒಂದು ರಾತ್ರಿ ರೈತನೊಬ್ಬ ಓಡಿ ಬಂದ. ಮಗ ಮರದಿಂದ ಬಿದ್ದಿದ್ದಾನೆ, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅರ್ಜೆಂಟ್ ಕಾಲ್ ಬೇಕು. ನೆನಪಿನಲ್ಲಿದ್ದ ನಂಬರನ್ನೇ ಟ್ರಂಕ್ ಬೋರ್ಡಿಗೆ ಕೊಟ್ಟೆ. ಗಂಟೆ ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಕೊಟ್ಟೆ. ಮತ್ತೆ. ಅರ್ಧ ಗಂಟೆ ಅದೇ ನಂಬರು. ಕೊನೆಗೆ ‘ಬೆಂಗಳೂರು ಲೈನು ಕೆಟ್ಟೋಗದೆ ಕಣಪ್ಪ’ ಅಂದುಬಿಟ್ಟೆ. ನಿನ್ನ ‘ಸರ್ವರ್ ಡೌನ್’ ಇದೆಯಲ್ಲ, ಅದರ ಅಜ್ಜನೇ ಆ ಮಾತು. ಪಾಳಿ ಬದಲಾಯಿಸಲು ಬಂದ ಹಿರಿಯ ಆಪರೇಟರು ಏನೂ ಮಾತಾಡದೆ ಡ್ರಾಯರ್ ಎಳೆದು, ಹಿಂದಿನ ತಿಂಗಳು ಬಂದಿದ್ದ ಬದಲಾದ ನಂಬರುಗಳ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಆಸ್ಪತ್ರೆಯ ನಂಬರು ಬದಲಾಗಿತ್ತು. ಒಂದೇ ನಿಮಿಷಕ್ಕೆ ಲೈನು ಸಿಕ್ಕಿತು. ಹುಡುಗನಿಗೆ ಕಾಲು ಮುರಿದಿತ್ತು ಅಷ್ಟೆ, ಜೀವಕ್ಕೇನೂ ಆಗಲಿಲ್ಲ. ಆದರೆ ಟವೆಲ್ಲು ಹಿಂಡುತ್ತಾ ನಿಂತಿದ್ದ ಆ ಅಪ್ಪನ ಮುಖ ನನಗಿನ್ನೂ ಮರೆತಿಲ್ಲ.

ಕಂಪ್ಯೂಟರೂ ಬೋರ್ಡಿನ ಮುಂದೆ ಕೂತ ಆಪರೇಟರೇ ಕಣವ್ವ. ನೀನು ಬ್ರೌಸರ್‌ನಲ್ಲಿ ಬರೆಯುವುದು ಹೆಸರು. ಯಂತ್ರಕ್ಕೆ ಬೇಕಿರುವುದು ನಂಬರು, ಅದನ್ನೇ ಐಪಿ ವಿಳಾಸ ಅನ್ನುವುದು. ಹೆಸರು ಕೊಟ್ಟರೆ ನಂಬರು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ನಮ್ಮ ಕಾಲದಲ್ಲಿ 197ಕ್ಕೆ ಫೋನು ಮಾಡಿ ‘ಇಂಥವರ ನಂಬರು ಕೊಡಿ’ ಅನ್ನುತ್ತಿದ್ದರಲ್ಲ, ಹಾಗೆ.

ಇಂಟರ್ನೆಟ್ಟಿನ ಬಾಲ್ಯದಲ್ಲಿ ಇಡೀ ಜಾಲಕ್ಕೆ ಒಂದೇ ಡೈರೆಕ್ಟರಿ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಜಾಲ ಬೆಳೆದ ಮೇಲೆ ಒಂದು ಪಟ್ಟಿ ಸಾಲದೆ ಹೋಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತ ಕೆಲಸವನ್ನು ಹಂಚಿಬಿಟ್ಟ. ನಮ್ಮ ಕಂದಾಯ ಇಲಾಖೆಯ ಹಾಗೆ ಅಂದುಕೋ. ಹಳ್ಳಿಯ ಒಂದೊಂದು ಸರ್ವೆ ನಂಬರೂ ಬೆಂಗಳೂರಿನಲ್ಲಿ ಕೂತವರ ಬಾಯಲ್ಲಿ ಇರುವುದಿಲ್ಲ. ಅವರು ಜಿಲ್ಲೆಗೆ ತೋರಿಸುತ್ತಾರೆ, ಜಿಲ್ಲೆ ತಾಲ್ಲೂಕಿಗೆ, ತಾಲ್ಲೂಕು ಹೋಬಳಿಗೆ, ಕೊನೆಗೆ ಊರಿನ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ನಿಜವಾದ ಲೆಕ್ಕ. ಡಿಎನ್‌ಎಸ್ ಕೂಡ ಹೆಸರನ್ನು ಬಲಗಡೆಯಿಂದ ಓದುತ್ತದೆ. ಸರ್ಕಾರದ ಒಂದು ಸೈಟಿನ ಹೆಸರು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ, ಮೊದಲು ‘ಇನ್’ ನೋಡಿಕೊಳ್ಳುವವರನ್ನು ಕೇಳು, ಆಮೇಲೆ ‘ಗವ್’, ಆಮೇಲೆ ‘ಕರ್ನಾಟಕ’. ಅಂಚೆಯವರು ಲಕೋಟೆ ವಿಂಗಡಿಸುವಾಗಲೂ ಕೆಳಗಿನ ಪಿನ್‌ಕೋಡ್ 562117ನ್ನೇ ಮೊದಲು ನೋಡುತ್ತಾರೆ. ಮೇಲಿನ ಹೆಸರು ಬೇಕಾಗುವುದು ನಮ್ಮ ಕನಕಪುರಕ್ಕೆ ಬಂದ ಮೇಲೆ.

ಪ್ರತಿಸಲವೂ ಈ ಯಾತ್ರೆ ಮಾಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಒಮ್ಮೆ ಕೇಳಿ ತಿಳಿದ ನಂಬರನ್ನು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಅದರ ಹೆಸರೇ ಕ್ಯಾಶ್. ನೌಕರಿಯ ಕೊನೆಯ ಏಳೆಂಟು ವರ್ಷ ನಾನು ಬ್ರಾಡ್‌ಬ್ಯಾಂಡ್ ದೂರುಗಳನ್ನು ನೋಡುತ್ತಿದ್ದಾಗ, ಒಬ್ಬ ರೇಷ್ಮೆ ವ್ಯಾಪಾರಿಗೆ ಫೋನಿನಲ್ಲಿ ‘ಕ್ಯಾಶ್ ಕ್ಲಿಯರ್ ಮಾಡಿ ಸಾರ್’ ಅಂದೆ. ಆತ ‘ಬಿಲ್ಲು ಕಟ್ಟಿ ಒಂದು ವಾರ ಆಯ್ತು, ಇನ್ಯಾವ ಕ್ಯಾಶು?’ ಎಂದು ರೇಗಿಬಿಟ್ಟ. ಗಲ್ಲಾಪೆಟ್ಟಿಗೆಯ ಕ್ಯಾಶಲ್ಲ ಇದು. ನೆನಪಿನ ಚೀಟಿ.

ಆ ಚೀಟಿಗೆ ಆಯಸ್ಸು ಉಂಟು. ಸೈಟು ನಡೆಸುವವರೇ ಅದನ್ನು ಸೆಕೆಂಡುಗಳ ಲೆಕ್ಕದಲ್ಲಿ ಬರೆದಿರುತ್ತಾರೆ. 300 ಅಂದರೆ ಐದು ನಿಮಿಷ, 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ. ಆಯಸ್ಸು ಮುಗಿದ ಚೀಟಿಯನ್ನು ಕಂಪ್ಯೂಟರ್ ಹರಿದು ಹಾಕಿ ಮತ್ತೆ ಹೊಸದಾಗಿ ಕೇಳುತ್ತದೆ. ಸೈಟನ್ನು ಬೇರೆ ಸರ್ವರ್‌ಗೆ ಸಾಗಿಸುವವರು ಬುದ್ಧಿವಂತರಾದರೆ ಒಂದೆರಡು ದಿನ ಮೊದಲೇ ಈ ಆಯಸ್ಸನ್ನು ಕಡಿಮೆ ಮಾಡಿಟ್ಟಿರುತ್ತಾರೆ. ಮರೆತರೆ, ಅವರು ಹೊಸ ಮನೆಗೆ ಹೋದರೂ ನಿನ್ನ ಯಂತ್ರ ಆಯಸ್ಸು ಮುಗಿಯುವವರೆಗೂ ಹಳೇ ಮನೆಯ ಮುಂದೆಯೇ ನಿಂತಿರುತ್ತದೆ.

ಹಳೇ ವಿಳಾಸ ಬಿಡದಿರುವುದು ಯಂತ್ರಕ್ಕೆ ಮಾತ್ರ ಅಂಟಿದ ರೋಗವಲ್ಲ. ನಮ್ಮಜ್ಜಿ ಕಣ್ಣು ಮುಚ್ಚುವವರೆಗೂ ‘ಕಾನಕಾನಹಳ್ಳಿ ಸಂತೆ’ ಅನ್ನುತ್ತಿದ್ದಳು. ಊರು ಕನಕಪುರವಾಗಿ ಎಷ್ಟೋ ಕಾಲವಾಗಿತ್ತು. ಕೊಯಮತ್ತೂರಿಗೆ ಹೋಗುವ ಹೆದ್ದಾರಿಯ ನಂಬರು 948 ಆಗಿದ್ದರೂ ನಾನು ಇನ್ನೂ ಟೂ ನಾಟ್ ನೈನ್ ಅಂತಲೇ ಅನ್ನುತ್ತೇನೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು, ನಿನ್ನ ಅಂಗಡಿಗೆ ಬರುವವರ ಬಾಯಲ್ಲಿ ಇನ್ನೂ ರಾಮನಗರವೇ. ಊರಿನ ಜನರೊಳಗೆ ಇದು ನಡೆದುಹೋಗುತ್ತದೆ, ಹಳೇ ಹೆಸರು ಹೇಳಿದರೂ ಕಂಡಕ್ಟರು ಸರಿಯಾದ ಕಡೆಗೇ ಟಿಕೆಟ್ ಹರಿಯುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ.

ಇನ್ನೊಂದು ಸೂಕ್ಷ್ಮ ಕೇಳು. ‘ಇಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನೂ ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಒಂದು ಸೈಟು ಹೊಸದಾಗಿ ಶುರುವಾಗುವ ಮುಂಚೆಯೇ ನೀನು ಆತುರಪಟ್ಟು ಹುಡುಕಿದೆ ಅನ್ನು, ‘ಇಲ್ಲ’ ಅಂತ ಬಂತು. ಹತ್ತು ನಿಮಿಷದಲ್ಲಿ ಸೈಟು ಶುರುವಾದರೂ ನಿನ್ನ ಯಂತ್ರ ಆ ಹಳೇ ‘ಇಲ್ಲ’ವನ್ನೇ ಪಠಿಸುತ್ತಿರಬಹುದು. ಆ ಚೀಟಿಯನ್ನೂ ಹರಿಯಬೇಕು.

ಹರಿಯುವುದು ಹೇಗೆ? ಕಂಪ್ಯೂಟರ್‌ಗೆ ಕೈ ಹಾಕುವ ಮುಂಚೆ ಮೂರು ಪರೀಕ್ಷೆ ಮಾಡು.

ಮೊದಲನೆಯದು, ನಿನ್ನ ಮೊಬೈಲಿನಲ್ಲಿ ಅದೇ ಸೈಟು ತೆರೆ. ಅಂಗಡಿಯ ವೈಫೈ ಆರಿಸಿ, ಸಿಮ್ಮಿನ ಡೇಟಾದಲ್ಲೇ ನೋಡು. ಅಲ್ಲಿ ತೆರೆದುಕೊಂಡರೆ ಸರ್ವರ್ ಬದುಕಿದೆ, ದೋಷ ನಿನ್ನ ಅಂಗಡಿಯ ಒಳಗೋ ನಿನಗೆ ಇಂಟರ್ನೆಟ್ ಕೊಡುವವರ ಹತ್ತಿರವೋ ಇದೆ. ಅಲ್ಲೂ ತೆರೆಯದಿದ್ದರೆ ನಿಜವಾಗಿ ಸರ್ವರ್ ಡೌನ್ ಇರಬಹುದು.

ಎರಡನೆಯದು, ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಓದು. ಎಲ್ಲರೂ ಅದನ್ನು ಬೈಗುಳ ಎಂದುಕೊಂಡು ಮುಚ್ಚಿಬಿಡುತ್ತೀರಿ. ಅದು ವೈದ್ಯರ ಚೀಟಿ ಇದ್ದ ಹಾಗೆ. ‘ಡಿಎನ್‌ಎಸ್ ಪ್ರೋಬ್’ ಅಥವಾ ‘ಎನ್‌ಎಕ್ಸ್ ಡೊಮೈನ್’ ಎಂದಿದ್ದರೆ ಹೆಸರಿಗೆ ನಂಬರು ಸಿಗಲಿಲ್ಲವೆಂದು ಅರ್ಥ, ಚೀಟಿ ಹರಿದು ನೋಡಬಹುದು. ‘ಟೈಮ್ಡ್ ಔಟ್’ ಎಂದಿದ್ದರೆ ಬಾಗಿಲು ಬಡಿದರೂ ಯಾರೂ ತೆಗೆಯಲಿಲ್ಲ ಎಂದರ್ಥ. ಹಳೇ ವಿಳಾಸವೂ ಅದಕ್ಕೆ ಕಾರಣವಿರಬಹುದು, ಸರ್ವರ್ ಮಲಗಿರಲೂಬಹುದು. ‘503’ ಅಂತ ಬಂದರೆ ಯಂತ್ರ ಓಗೊಟ್ಟಿದೆ, ಕೆಲಸದ ಹೊರೆ ತಾಳಲಾರದೆ ವಾಪಸ್ ಕಳಿಸುತ್ತಿದೆ. ಅಲ್ಲಿ ನೀನು ಏನು ಹರಿದರೂ ಉಪಯೋಗವಿಲ್ಲ, ಸ್ವಲ್ಪ ಹೊತ್ತು ಕಾಯಬೇಕು.

ಮೂರನೆಯದು, ಪರದೆಯ ಮೂಲೆಯ ತಾರೀಕು ನೋಡು. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ಲು ಸತ್ತರೆ, ಕರೆಂಟು ಹೋಗಿ ಬಂದಾಗ ತಾರೀಕು ಹತ್ತಾರು ವರ್ಷ ಹಿಂದಕ್ಕೆ ಓಡಿರುತ್ತದೆ. ಆಗ ಸುರಕ್ಷಿತ ಸೈಟುಗಳೆಲ್ಲ ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಸಣ್ಣ ಸೆಲ್ಲು ಬದಲಾಯಿಸಿದರೆ ಆ ಕಾಯಿಲೆ ವಾಸಿ. ಅದಕ್ಕೂ ಡಿಎನ್‌ಎಸ್‌ಗೂ ಸಂಬಂಧವಿಲ್ಲ.

ಈ ಮೂರೂ ನೋಡಿ, ಹಳೇ ವಿಳಾಸದ್ದೇ ತೊಂದರೆ ಅನಿಸಿತು ಅನ್ನು. ನಿನ್ನ ಅಂಗಡಿಯಲ್ಲಿರುವುದು ವಿಂಡೋಸ್. ವಿಂಡೋಸ್ ಗುರುತಿನ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತು, ಬಂದ ಸಣ್ಣ ಕಿಟಕಿಯಲ್ಲಿ ‘ಸಿಎಂಡಿ’ ಎಂದು ಇಂಗ್ಲಿಷ್‌ನಲ್ಲಿ ಬರೆದು ಎಂಟರ್ ಒತ್ತು. ಕಪ್ಪು ಪರದೆ ತೆರೆಯುತ್ತದೆ. ಅದನ್ನು ಕಂಡು ಹೆದರಬೇಡ. ಅಲ್ಲಿ ‘ಐಪಿಕಾನ್‌ಫಿಗ್ /ಫ್ಲಶ್‌ಡಿಎನ್‌ಎಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆ. ನಡುವೆ ಒಂದು ಜಾಗ ಬಿಡು, ಓರೆಗೆರೆ ಬಲಕ್ಕೆ ವಾಲಿದ್ದಿರಲಿ, ‘ಫ್ಲಶ್’ ಮತ್ತು ‘ಡಿಎನ್‌ಎಸ್’ ಕೂಡಿಕೊಂಡಿರಲಿ. ಎಂಟರ್ ಒತ್ತಿದರೆ ‘ಸಕ್ಸೆಸ್‌ಫುಲಿ ಫ್ಲಶ್ಡ್’ ಎಂದು ಒಂದು ಸಾಲು ಬರುತ್ತದೆ. ಮುಗಿಯಿತು. ಅನುಮತಿ ಬೇಕೆಂದು ತಕರಾರು ಮಾಡಿದರೆ ಕಮಾಂಡ್ ಪ್ರಾಂಪ್ಟ್ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ಅದನ್ನೇ ಬರೆ. ಹರಿಯುವ ಮುಂಚೆ ಯಾವ ಯಾವ ಚೀಟಿ ಇತ್ತು ಎಂದು ನೋಡುವ ಕುತೂಹಲವಿದ್ದರೆ ‘ಫ್ಲಶ್’ ಇರುವ ಜಾಗದಲ್ಲಿ ‘ಡಿಸ್‌ಪ್ಲೇ’ ಎಂದು ಬರೆ, ಉದ್ದನೆಯ ಪಟ್ಟಿಯೇ ಇಳಿಯುತ್ತದೆ. ಒಂದೊಂದು ಹೆಸರಿನ ಕೆಳಗೂ ಉಳಿದ ಆಯಸ್ಸು ಸೆಕೆಂಡಿನಲ್ಲಿ ಕಾಣುತ್ತದೆ.

ಲಿನಕ್ಸ್ ಇರುವ ಕಡೆ ಸಾಮಾನ್ಯವಾಗಿ ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’ ಎಂಬ ಆಜ್ಞೆ ಇದೇ ಕೆಲಸ ಮಾಡುತ್ತದೆ. ಮೊಬೈಲಿಗೆ ಇಷ್ಟು ರಾಮಾಯಣ ಬೇಡ. ಏರೋಪ್ಲೇನ್ ಮೋಡ್ ಹಾಕಿ ತೆಗೆ, ಆಗದಿದ್ದರೆ ಒಮ್ಮೆ ಆರಿಸಿ ಹಚ್ಚು.

ಇಷ್ಟು ಮಾಡಿಯೂ ಸೈಟು ಬರದಿದ್ದರೆ ‘ತಾತ ಹೇಳಿದ್ದು ಸುಳ್ಳು’ ಅನ್ನಬೇಡ. ನೆನಪಿನ ಚೀಟಿ ಒಂದೇ ಕಡೆ ಇರುವುದಿಲ್ಲ. ಬ್ರೌಸರ್ ತನ್ನದೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ ‘ಕ್ರೋಮ್://ನೆಟ್-ಇಂಟರ್ನಲ್ಸ್/#ಡಿಎನ್‌ಎಸ್’ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ‘ಕ್ಲಿಯರ್ ಹೋಸ್ಟ್ ಕ್ಯಾಶ್’ ಎಂಬ ಗುಂಡಿ ಸಿಗುತ್ತದೆ. ಆಮೇಲೆ ಗೋಡೆಗೆ ನೇತುಹಾಕಿದ ನಿನ್ನ ರೂಟರ್. ಅದರ ಪ್ಲಗ್ಗು ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕು. ಇದಾದ ಮೇಲೆ ಉಳಿಯುವುದು ಇಂಟರ್ನೆಟ್ ಕಂಪನಿಯ ದೊಡ್ಡ ಡೈರೆಕ್ಟರಿ. ಅದರ ಮೇಲೆ ನಿನ್ನ ಕೈ ಹೋಗುವುದಿಲ್ಲ. ನಿನ್ನ ಮನೆಯ ಕಸ ಗುಡಿಸಬಹುದು, ಊರಿನ ತಿಪ್ಪೆ ನಿನ್ನ ಅಧೀನದಲ್ಲಿಲ್ಲ. ಆಗ ಬೇರೆ ಡೈರೆಕ್ಟರಿಯವರನ್ನು ಕೇಳುವ ಹಾಗೆ ಮಾಡಬಹುದು. ಗೂಗಲ್‌ನವರು 2009ರಿಂದ 8.8.8.8 ಎಂಬ ವಿಳಾಸದಲ್ಲಿ, ಕ್ಲೌಡ್‌ಫ್ಲೇರ್‌ನವರು 2018ರಿಂದ 1.1.1.1ರಲ್ಲಿ ಎಲ್ಲರಿಗೂ ಪುಕ್ಕಟೆ ಡೈರೆಕ್ಟರಿ ತೆರೆದಿಟ್ಟಿದ್ದಾರೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಎಂದಿರುವ ಕಡೆ ಅದನ್ನು ಬರೆದರೆ ಸಾಕು. ಬದಲಾಯಿಸುವ ಮುಂಚೆ ಅಲ್ಲೇನಿತ್ತು ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೋ.

ಕಂಪ್ಯೂಟರನ್ನೇ ಆರಿಸಿ ಹಚ್ಚಿದರೆ ಆಗುವುದಿಲ್ಲವೇ ಎಂದು ಕೇಳುತ್ತೀಯ. ಆಗುತ್ತದೆ. ಆದರೆ ‘ಶಟ್‌ಡೌನ್’ ಬೇಡ, ‘ರೀಸ್ಟಾರ್ಟ್’ ಒತ್ತು. ಈಗಿನ ವಿಂಡೋಸ್‌ನಲ್ಲಿ ಬೇಗ ಏಳಲೆಂದು ಒಂದು ಉಪಾಯ ಮಾಡಿದ್ದಾರೆ. ಶಟ್‌ಡೌನ್ ಅಂದರೆ ಅದು ಪೂರ್ತಿ ಮಲಗುವುದಿಲ್ಲ, ಒಳಗಿನದನ್ನು ಕಟ್ಟಿಟ್ಟುಕೊಂಡು ಕೋಳಿನಿದ್ದೆ ಮಾಡುತ್ತದೆ. ರೀಸ್ಟಾರ್ಟ್ ಅಂದಾಗ ಮಾತ್ರ ಎಲ್ಲ ಬಿಟ್ಟು ಹೊಸದಾಗಿ ಏಳುತ್ತದೆ. ಅದಕ್ಕೆ ಹಿಡಿಯುವ ಹೊತ್ತಿನಲ್ಲಿ ಕಪ್ಪು ಪರದೆಯ ಕೆಲಸ ಮುಗಿದು ಗಿರಾಕಿಗೆ ಪ್ರಿಂಟೂ ಕೊಟ್ಟಿರುತ್ತೀಯ.

ಒಂದು ಮಾತು ಚೆನ್ನಾಗಿ ತಿಳಿದುಕೋ. ಡಿಎನ್‌ಎಸ್ ಚೀಟಿ ಹರಿದರೆ ಯಾರ ಫೋಟೋ ಹೋಗುವುದಿಲ್ಲ, ಪಾಸ್‌ವರ್ಡ್ ಹೋಗುವುದಿಲ್ಲ, ಅರ್ಧ ತುಂಬಿದ ಫಾರಂ ಅಳಿಸಿಹೋಗುವುದಿಲ್ಲ. ಬ್ರೌಸರ್‌ನ ಹಿಸ್ಟರಿ, ಕುಕೀಸ್ ಅಳಿಸುವುದು ಬೇರೆ ಕೆಲಸ. ಅದನ್ನು ಮಾಡಿದರೆ ಲಾಗಿನ್‌ಗಳೆಲ್ಲ ಕಳಚಿಕೊಳ್ಳುತ್ತವೆ. ಎರಡಕ್ಕೂ ‘ಕ್ಯಾಶ್ ಕ್ಲಿಯರ್’ ಎಂದೇ ಜನ ಹೇಳುವುದರಿಂದ ಹುಡುಗರು ಒಂದು ಮಾಡಲು ಹೋಗಿ ಇನ್ನೊಂದು ಮಾಡುತ್ತಾರೆ. ಆದರೂ ಗಿರಾಕಿಗಳು ಬಳಸಿಹೋಗುವ ಕಂಪ್ಯೂಟರಿನಲ್ಲಿ ಹಿಸ್ಟರಿಯನ್ನು ದಿನಾ ಸಾಯಂಕಾಲ ಅಳಿಸಿಯೇ ಬಾಗಿಲು ಹಾಕು. ಅದು ಅವರ ಮಾನದ ಪ್ರಶ್ನೆ.

ಹಾಗಂತ ಬೆಳಿಗ್ಗೆ ಎದ್ದು ಊದಿನಕಡ್ಡಿ ಹಚ್ಚಿದ ಹಾಗೆ ದಿನಾ ಡಿಎನ್‌ಎಸ್ ಹರಿಯುತ್ತಾ ಕೂರಬೇಡ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವಳು ನೀನು. ಹಳೇ ಸೊಪ್ಪು, ಹಿಕ್ಕೆ ತೆಗೆಯದಿದ್ದರೆ ಹುಳಕ್ಕೆ ರೋಗ ಬರುತ್ತದೆ. ಹೊತ್ತುಗೊತ್ತಿಲ್ಲದೆ, ಪೊರೆ ಕಳಚಲು ಜ್ವರಕ್ಕೆ ಕೂತ ಹುಳವನ್ನೂ ಬಿಡದೆ ಕೆದಕಿದರೆ ಗೂಡೇ ಕಟ್ಟದೆ ಹೋಗುತ್ತದೆ. ನೆನಪಿನ ಚೀಟಿ ಇರುವುದರಿಂದಲೇ ಸೈಟುಗಳು ಬೇಗ ಬರುತ್ತವೆ. ಹರಿದ ಮೇಲೆ ಪ್ರತಿ ಹೆಸರನ್ನೂ ಮತ್ತೆ ಕೇಳಿ ತಿಳಿಯಬೇಕು. ‘ಇದನ್ನು ಒತ್ತಿದರೆ ಇಂಟರ್ನೆಟ್ ಡಬಲ್ ಸ್ಪೀಡ್’ ಎಂದು ವೀಡಿಯೊದಲ್ಲಿ ಕೂಗುವವರ ಮಾತು ನಂಬಬೇಡ.

ಹೆಸರೇ ಬದಲಾದಾಗ ಈ ಔಷಧಿ ನಾಟುವುದಿಲ್ಲ ಎಂಬುದೂ ಗೊತ್ತಿರಲಿ. 2017ರ ಏಪ್ರಿಲ್ 1ರಂದು ನಮ್ಮ ಮೈಸೂರು ಬ್ಯಾಂಕು ಎಸ್‌ಬಿಐನಲ್ಲಿ ಸೇರಿತು, ಶಾಖೆಗಳ ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ಹಳೇ ಪಾಸ್‌ಬುಕ್ ನೋಡಿ ಕೋಡು ಬರೆದುಕೊಡುವವರನ್ನು ನಾನೇ ಎಷ್ಟೋ ಸಲ ತಿದ್ದಿದ್ದೇನೆ. ಬ್ಯಾಂಕುಗಳೆಲ್ಲ ತಮ್ಮ ಸೈಟುಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಹೆಸರಿಗೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತು. ಆ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುವಂಥದ್ದು, ಕಳ್ಳರಿಗೆ ಸಿಗುವುದಿಲ್ಲ. ನಿನ್ನ ಬ್ರೌಸರ್‌ನಲ್ಲಿ ಹಳೇ ಬುಕ್‌ಮಾರ್ಕ್ ಇದ್ದರೆ ಅದನ್ನು ಕೈಯಾರೆ ತಿದ್ದಬೇಕು. ಡಿಎನ್‌ಎಸ್ ಚೀಟಿ ಹರಿದರೆ ಹೆಸರಿನ ಹಿಂದಿನ ನಂಬರು ಹೊಸದಾಗುತ್ತದೆ, ನೀನು ಬರೆದ ತಪ್ಪು ಹೆಸರು ತಾನಾಗಿ ಸರಿಹೋಗುವುದಿಲ್ಲ.

ಕಳ್ಳರ ವಿಷಯ ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಡೈರೆಕ್ಟರಿಯಲ್ಲೇ ತಪ್ಪು ನಂಬರು ಬರೆದರೆ ಎಂಥವರೂ ಮೋಸ ಹೋಗುತ್ತಾರೆ. ಬ್ಯಾಂಕಿನ ಹೆಸರು ಬರೆದರೂ ಕಳ್ಳನ ಮನೆಗೆ ಹೋಗುವ ಹಾಗೆ ಮಾಡಬಹುದು. 2008ರಲ್ಲಿ ಡ್ಯಾನ್ ಕಮಿನ್ಸ್‌ಕಿ ಎಂಬಾತ ಡಿಎನ್‌ಎಸ್‌ನಲ್ಲಿ ಇಂಥದ್ದೊಂದು ದೊಡ್ಡ ಬಿರುಕು ಕಂಡುಹಿಡಿದ. ಊರಿಗೆಲ್ಲ ಡಂಗುರ ಸಾರುವ ಮೊದಲು ದೊಡ್ಡ ಕಂಪನಿಗಳನ್ನು ಒಟ್ಟು ಸೇರಿಸಿ ಮುಚ್ಚಿಸಿದ. ಡಿಎನ್‌ಎಸ್ ಚೇಂಜರ್ ಎಂಬ ವೈರಸ್ಸು ಲಕ್ಷಾಂತರ ಕಂಪ್ಯೂಟರುಗಳ ಡೈರೆಕ್ಟರಿ ವಿಳಾಸವನ್ನೇ ಬದಲಾಯಿಸಿತ್ತು. ಅಮೆರಿಕದ ಎಫ್‌ಬಿಐ 2011ರಲ್ಲಿ ಆ ತಂಡವನ್ನು ಹಿಡಿಯಿತು. ಆದ್ದರಿಂದ ಚೀಟಿ ಹರಿದರೂ ಒಂದು ಸೈಟು ಮತ್ತೆ ಮತ್ತೆ ಎಲ್ಲೋ ಜಾಹೀರಾತಿನ ಪುಟಕ್ಕೆ ಎಳೆದುಕೊಂಡು ಹೋದರೆ ವೈರಸ್ ಪರೀಕ್ಷೆ ಮಾಡಿಸು. ವಿಂಡೋಸ್‌ನಲ್ಲಿ ‘ಹೋಸ್ಟ್ಸ್’ ಎಂಬ ಸಣ್ಣ ಫೈಲು ಇರುತ್ತದೆ, ಅದು ಆ ಹಳೇ ಒಂದೇ ಡೈರೆಕ್ಟರಿಯ ಪಳೆಯುಳಿಕೆ. ಅದರಲ್ಲಿ ಬರೆದದ್ದು ಫ್ಲಶ್ ಮಾಡಿದರೂ ಹೋಗುವುದಿಲ್ಲ. ಯಾರಾದರೂ ಅಲ್ಲಿ ಬ್ಯಾಂಕಿನ ಹೆಸರು ತುರುಕಿದ್ದಾರೆಯೇ ಎಂದು ತಿಳಿದವರಿಂದ ನೋಡಿಸು.

‘ನಿಮ್ಮ ಡಿಎನ್‌ಎಸ್ ಕೆಟ್ಟಿದೆ, ನಾವು ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಂಡು ನಂಬರು ಹೇಳಿ’ ಎಂದು ಯಾರೇ ಫೋನು ಮಾಡಿದರೂ ಇಟ್ಟುಬಿಡು. ಇದು ಎರಡು ನಿಮಿಷದ ಕೆಲಸ, ನಿನ್ನ ಕೈಯಲ್ಲೇ ಆಗುವಂಥದ್ದು, ಒಂದು ಕಾಸು ಖರ್ಚಿಲ್ಲ. ಯಾರಾದರೂ ಮೋಸಹೋಗಿ ದುಡ್ಡು ಕಳೆದುಕೊಂಡು ನಿನ್ನ ಅಂಗಡಿಗೆ ಅಳುತ್ತಾ ಬಂದರೆ ತಡಮಾಡದೆ 1930ಕ್ಕೆ ಫೋನು ಮಾಡಿಸು.

ನಿಜವಾಗಿ ಸರ್ವರ್ ಡೌನ್ ಆಗುವ ದಿನಗಳೂ ಇರುತ್ತವೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಇಡೀ ಲೋಕಕ್ಕೆ ನಿಂತುಹೋದವು. ಅವರದೇ ಒಂದು ತಪ್ಪು ಆಜ್ಞೆಯಿಂದ ಅವರ ಡಿಎನ್‌ಎಸ್ ಸರ್ವರ್‌ಗಳ ದಾರಿಯೇ ಜಾಲದಿಂದ ಅಳಿಸಿಹೋಗಿತ್ತು. ಅಂಥ ದಿನ ನೀನು ‘ಸರ್ವರ್ ಡೌನ್’ ಅಂದರೆ ತಪ್ಪಿಲ್ಲ. ಆಗಲೂ ‘ನಾಳೆ ಬನ್ನಿ’ ಅನ್ನಬೇಡ. ಫೋನ್ ನಂಬರು ಬರೆದುಕೋ, ‘ಸರಿಯಾದ ಮೇಲೆ ನಾನೇ ಫೋನು ಮಾಡ್ತೀನಿ, ಆಮೇಲೆ ಬನ್ನಿ’ ಅನ್ನು.

ಈ ಕಾಗದದ ಹಿಂದೆ ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ: ಮೊಬೈಲ್ ಡೇಟಾದಲ್ಲಿ ನೋಡು, ಪರದೆಯ ಸಾಲು ಓದು, ತಾರೀಕು ನೋಡು, ಚೀಟಿ ಹರಿ, ಬ್ರೌಸರ್‌ನದೂ ಹರಿ, ರೂಟರ್ ಆರಿಸಿ ಹಚ್ಚು. ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೋ. ಆ ಹಿರಿಯ ಆಪರೇಟರು ಮಾರನೇ ದಿನ ಬದಲಾದ ನಂಬರುಗಳ ಪಟ್ಟಿಯನ್ನು ಡ್ರಾಯರ್‌ನಿಂದ ತೆಗೆದು ನನ್ನ ಬೋರ್ಡಿನ ಮೇಲೆಯೇ ಅಂಟಿಸಿದ್ದರು. ಬಾಯಲ್ಲಿ ಒಂದು ಮಾತೂ ಅನ್ನಲಿಲ್ಲ. ನಾನೂ ಇದಕ್ಕಿಂತ ಹೆಚ್ಚು ಅನ್ನುವುದಿಲ್ಲ.

ಆ ಅಜ್ಜಿ ಮಂಗಳವಾರ ಬರಲಿಲ್ಲ, ಇವತ್ತೂ ಬರಲಿಲ್ಲ ಎಂದು ನೀನೇ ಹೇಳಿದೆ. ಬಂದಾಗ ಮೊದಲು ಕೂರಿಸು, ಕುಡಿಯಲು ನೀರು ಕೊಡು, ಅವಳ ಕೆಲಸ ಮಾಡಿಕೊಡು. ದುಡ್ಡು ಇಸ್ಕೋಬೇಡ.